ಎಲೆಯೂ ಇಲ್ಲ, ತಟ್ಟೆಯೂ ಇಲ್ಲ

ಬೇತಮಂಗಲ
6 ಜನವರಿ 2025

ಅಣ್ಣ ಮುನಿಸ್ವಾಮಪ್ಪನಿಗೆ ತಂಗಿ ವೆಂಕಟರತ್ನಮ್ಮ ಮಾಡುವ ನಮಸ್ಕಾರ.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನೀನು ಹೇಗಿದ್ದೀಯ ಎಂದು ಯಾರನ್ನು ಕೇಳಬೇಕೋ ಗೊತ್ತಿಲ್ಲ. ಫೋನ್ ಮಾಡಿದರೆ ಅಶ್ವತ್ಥಮ್ಮ ಅತ್ತಿಗೆಯೇ ಎತ್ತುತ್ತಾಳೆ. ಅಣ್ಣನಿಗೆ ಕೊಡು ಅಂದರೆ ಒಂದು ಗಳಿಗೆ ಸುಮ್ಮನಿದ್ದು "ಆಚೆ ಓಗವ್ರೆ ಕಣಮ್ಮ" ಅನ್ನುತ್ತಾಳೆ. ಬೆಳಗ್ಗೆ ಮಾಡಿದರೂ ಆಚೆ, ಸಂಜೆ ಮಾಡಿದರೂ ಆಚೆ. ಚಿನ್ನದ ಗಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯಿತು, ನೀನು ಇನ್ನೂ ಮೂರೂ ಪಾಳಿ ಇಳಿಯುತ್ತಿದ್ದೀಯಾ? ಆ ಸುಳ್ಳು ಅತ್ತಿಗೆಗೆ ಹೇಳಲು ಬರುವುದಿಲ್ಲ, ಅವಳ ಕೈಯಲ್ಲಿ ಹೇಳಿಸಬೇಡ. ನೀನು ಚಿಕ್ಕಂದಿನಲ್ಲಿ ಮುನಿಸಿಕೊಂಡರೆ ಗೋಡೆ ಕಡೆ ತಿರುಗಿ ಕೂರುತ್ತಿದ್ದೆ. ಈಗ ಫೋನ್ ಕಡೆಗೂ ಬೆನ್ನು ತಿರುಗಿಸಿದ್ದೀಯ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಬಸ್ಸಿನಲ್ಲಿ ಒಂದು ಗಂಟೆ ದೂರದ ಮಾರಿಕುಪ್ಪಂಗೆ ಇನ್‌ಲ್ಯಾಂಡ್ ಲೆಟರ್ ಬರೆಯುವವಳು ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ವಿಷಯ ಏನೆಂದರೆ, ಸುಕನ್ಯಳಿಗೆ ಹೆಣ್ಣು ಮಗು ಆಗಿದೆ. ಮದುವೆಯಾಗಿ ಆರು ವರ್ಷಕ್ಕೆ. ಬಾಣಂತನಕ್ಕೆ ಇಲ್ಲೇ ಇದ್ದಾಳೆ. ಮಗು ಎಣ್ಣೆ ಕಪ್ಪು, ತಲೆ ತುಂಬ ಕೂದಲು, ಹಟ ಮಾತ್ರ ನಿನ್ನದೇ. ಫೆಬ್ರವರಿ 16, ಭಾನುವಾರ, ನಮ್ಮ ಅಂಗಳದಲ್ಲೇ ಹೆಸರಿಡುವುದು. ಬಂಗಾರಪೇಟೆಯಿಂದ ಅಳಿಯನ ಕಡೆಯವರೆಲ್ಲ ಬರುತ್ತಾರೆ.

ಈಗ ಮನೆಯಲ್ಲಿ ಊಟ ಹೇಗೆ ಬಡಿಸುವುದು ಎಂದು ದಿನಾ ಜಗಳ. ನನ್ನ ಮಗ ನಾಗೇಶ ಟೇಬಲ್ ಹಾಕಿ ಬಾಳೆ ಎಲೆಯಲ್ಲಿ ಪಂಕ್ತಿ ಮಾಡೋಣ ಅನ್ನುತ್ತಾನೆ. ಸುಕನ್ಯಳಿಗೆ ಬಫೆಯೇ ಆಗಬೇಕು, ಅದರ ಪಕ್ಕದಲ್ಲಿ ಬಂಗಾರಪೇಟೆ ಪಾನಿಪುರಿಯವನೂ ನಿಂತಿರಬೇಕು. ಹೆಸರಿಡುವ ಮನೆಯಲ್ಲಿ ಪಾನಿಪುರಿ ಏನೇ ಅಂದರೆ, ಆರು ವರ್ಷ ಕಾದಿದ್ದೀನಿ, ತಿನ್ನುತ್ತೀನಿ ಅನ್ನುತ್ತಾಳೆ. ನಮ್ಮ ಭಾವ ವೆಂಕಟಸ್ವಾಮಪ್ಪ ಜಗುಲಿಯ ಮೇಲೆ ಕೂತು, ಎಲೆ ಬಿಟ್ಟು ಬೇರೆ ಏನಾದರೂ ಮಾಡಿದರೆ ನಾನು ನೀರೂ ಮುಟ್ಟುವುದಿಲ್ಲ ಎಂದಿದ್ದಾರೆ. ಅವರ ತಮ್ಮ, ನಮ್ಮ ಮನೆಯವರು, ತೀರಿಹೋದ ಮೇಲೆ ಈ ಮನೆಗೆ ಹಿರಿಯರು ಅವರೇ ಅಲ್ಲವೇ, ಅವರ ಮಾತು ನಡೆಯಬೇಕು ಎಂದು ಅವರ ಲೆಕ್ಕ.

ಎಲೆ ಅಂದಕೂಡಲೇ ನನಗೆ ನೆನಪಾಗುವುದು ಏನೆಂದು ನಿನಗೆ ಗೊತ್ತು. ಆರು ವರ್ಷದ ಹಿಂದೆ ಸುಕನ್ಯಳ ಮದುವೆಯ ಬಾಡೂಟದಲ್ಲಿ ಇದೇ ಅಂಗಳದಲ್ಲಿ ಎಲೆಯ ಮುಂದಿನಿಂದ ಎದ್ದು ಹೋದವನು ನೀನು ಇನ್ನೂ ಈ ಮನೆಯ ಹೊಸ್ತಿಲು ತುಳಿದಿಲ್ಲ. ತವರು ಎಂದು ನನಗೆ ಉಳಿದಿರುವುದು ನೀನೊಬ್ಬನೇ ಅಣ್ಣ. ಮೊಮ್ಮಗಳ ಹೆಸರಿನ ದಿನ ತವರಿನ ಕಡೆಯಿಂದ ಯಾರು ಬಂದರು ಎಂದು ಯಾರಾದರೂ ಕೇಳಿದರೆ ನಾನು ಯಾರನ್ನು ತೋರಿಸಲಿ?

ಬಡಿಸುವ ಕೆಲಸದಲ್ಲಿ ನಮ್ಮ ಕಡೆ ನಿನ್ನಷ್ಟು ಚುರುಕಿನವರು ಇರಲಿಲ್ಲ. ನೀನೇ ಹೇಳು, ಹೇಗೆ ಬಡಿಸಲಿ?

ವೆಂಕಟರತ್ನ

*

ಮಾರಿಕುಪ್ಪಂ
14 ಜನವರಿ 2025, ಸಂಕ್ರಾಂತಿ

ತಂಗಿ ವೆಂಕಟರತ್ನಳಿಗೆ ಆಶೀರ್ವಾದ.

ಕಾಗದ ಸೇರಿತು. ಮಗುವಿನ ವಿಷಯ ಓದಿ ಸಂತೋಷವಾಯಿತು. ಅಶ್ವತ್ಥಮ್ಮನಿಗೆ ಓದಿ ಹೇಳಿದೆ, ಅವಳು ಎರಡನೇ ಸಲ ಓದಿಸಿದಳು. ಫೋನಿನ ಬಗ್ಗೆ ನೀನು ಏನು ಬೇಕಾದರೂ ಅಂದುಕೋ. ನನಗೆ ಕಾಗದವೇ ವಾಸಿ. ನಿಲ್ಲಿಸಿ ನಿಲ್ಲಿಸಿ ಬರೆಯಬಹುದು.

ಕೇಳಿದ್ದಕ್ಕೆ ಹೇಳುತ್ತೇನೆ. ಎಲೆಯಲ್ಲೇ ಬಡಿಸು. ಎಲೆ ಹಾಸಿದ ಮೇಲೆ ಅಷ್ಟು ಜಾಗ ಆ ಮನುಷ್ಯನದು, ಅವನು ತಾನಾಗಿ ಏಳುವವರೆಗೂ. ಅವನು ಬಡವನೋ ಸಾಹುಕಾರನೋ ಎಲೆಗೆ ಗೊತ್ತಾಗುವುದಿಲ್ಲ. ಬಡಿಸುವವರು ಅವನ ಮುಂದೆ ಬಗ್ಗಲೇಬೇಕು. ತಟ್ಟೆ ಹಿಡಿದುಕೊಂಡು ಸಾಲಿನಲ್ಲಿ ನಿಂತು ಹಾಕಿಸಿಕೊಳ್ಳುವುದನ್ನು ನಾನು ನಮ್ಮ ಮೈಸೂರು ಮೈನ್ಸ್ ಗಣಿಯ ಕ್ಯಾಂಟೀನಿನಲ್ಲಿ ಬೇಕಾದಷ್ಟು ಮಾಡಿದ್ದೇನೆ. ಅದು ಹೊಟ್ಟೆ ತುಂಬುವ ಕೆಲಸ, ಔತಣ ಅಲ್ಲ. ಮುದ್ದೆ ಮಾಡಿಸಿದರೆ ಸಾರು ಮುಂದೆ ಹೋಗಲಿ, ಮುದ್ದೆ ಹಿಂದೆ ಬರಲಿ. ಎಲೆಯ ಮೇಲೆ ಮುದ್ದೆ ಸಾರಿಗಾಗಿ ಕಾಯಬಾರದು.

ನಾನು ಬರುವುದಿಲ್ಲ. ಯಾಕೆ ಎಂದು ನಿನಗೂ ಗೊತ್ತು. ಅವತ್ತು ನಾನು ಸೋದರಮಾವ ಎಂದು ಮೊದಲ ಪಂಕ್ತಿಯಲ್ಲಿ ಕೂತೆ. ಎಲೆ ಹಾಸಿ, ನೀರು ಚಿಮುಕಿಸಿ, ಉಪ್ಪು ಬಡಿಸಿಯೂ ಆಗಿತ್ತು. ಆಗ ನಿಮ್ಮ ಭಾವ ಬಂದು, "ಇದು ಬೀಗರ ಪಂಕ್ತಿ ಕಣಪ್ಪ, ನೀನೇಳು, ಎಲ್ಡನೇದ್ರಾಗೆ ಕೂತ್ಕಳುವಂತೆ" ಅಂದರು. ಅಷ್ಟೂ ಜನ ನೋಡುತ್ತಿದ್ದರು. ಉಪ್ಪು ಬಿದ್ದ ಎಲೆಯಿಂದ ಹಗೆಯನ್ನೂ ಎಬ್ಬಿಸಬಾರದು. ನಾನು ಎದ್ದೆ. ಏಳುವಾಗ ಎಲೆಯನ್ನು ತಿಥಿ ಊಟದಲ್ಲಿ ಮಡಿಚುವ ಹಾಗೆ ಆಚೆ ಕಡೆಗೆ ಮಡಿಚಿದೆ. ಇನ್ನು ಈ ಮನೆಯಲ್ಲಿ ಎಲೆಯ ಮುಂದೆ ಕೂರುವುದಿಲ್ಲ ಎಂದು ಅಮ್ಮನ ಮೇಲೆ ಆಣೆ ಇಟ್ಟೆ. ಅದು ಕೋಪದಲ್ಲಿ ಇಟ್ಟದ್ದು, ನಿಜ. ಆದರೆ ಅಮ್ಮನ ಹೆಸರು ಬಾಯಿಂದ ಬಂದಾಗಿದೆ. ಸತ್ತವಳ ಮೇಲಿನ ಆಣೆಯನ್ನು ವಾಪಸ್ ತೆಗೆದುಕೊಳ್ಳಲು ಯಾರನ್ನು ಕೇಳಲಿ?

ನನ್ನನ್ನು ಬಿಟ್ಟು ಚೆನ್ನಾಗಿ ಮಾಡು. ಮಗುವಿಗೆ ಬೆಳ್ಳಿ ಉಡಿದಾರ ಕಳಿಸುತ್ತೇನೆ.

ಮುನಿಸ್ವಾಮಪ್ಪ

*

ಬೇತಮಂಗಲ
21 ಜನವರಿ 2025

ಅಣ್ಣನಿಗೆ ನಮಸ್ಕಾರ.

ನಿನ್ನ ಕಾಗದ ಓದಿ ಒಂದು ದಿನವಿಡೀ ಯೋಚಿಸಿದೆ. ಹಸುಗಳ ಹಾಲು ಕರೆಯುವಾಗಲೂ ಅದೇ ಯೋಚನೆ, ಒಂದು ಒದ್ದೂಬಿಟ್ಟಿತು. ಕೊನೆಗೆ ತೀರ್ಮಾನ ಮಾಡಿದೆ. ಬಫೆ.

ನೀನು ಎಲೆ ಅಂದೆ, ನಾನು ಬಫೆ ಅಂದೆ. ಅಡ್ಡ ಮಾತಾಡುವುದು ಹೊಸದೇನಲ್ಲ. ಬಂಗಾರಪೇಟೆಯಿಂದ ಚಿರಂಜೀವಿ ಎನ್ನುವ ಅಡುಗೆಯವನನ್ನು ಗೊತ್ತು ಮಾಡಿದ್ದೇವೆ. ಕನ್ನಡದಲ್ಲಿ ಶುರು ಮಾಡಿ ತೆಲುಗಿನಲ್ಲಿ ಬೈದು ತಮಿಳಿನಲ್ಲಿ ಮುಗಿಸುತ್ತಾನೆ, ಆದರೆ ಕೈ ಒಳ್ಳೆಯದು. ಕೇಸರಿಬಾತು, ಪಲಾವು, ಹಿತಕಿದ ಅವರೆಕಾಳಿನ ಸಾರು, ಅನ್ನ, ಮುದ್ದೆ. ಅವರೆ ಇನ್ನೂ ಸಿಗುತ್ತಿದೆ, ಸಿಪ್ಪೆ ಹಿತುಕಲು ಬೀದಿಯ ಹೆಂಗಸರೆಲ್ಲ ಬರುತ್ತಾರೆ. ಪಾನಿಪುರಿಯವನೂ ಬರುತ್ತಾನೆ, ಸುಕನ್ಯ ಗೆದ್ದಳು.

ಭಾವ ದೊಡ್ಡ ರಂಪ ಮಾಡಿದರು. "ನಿಂತ್ಕಂಡು ಉಣ್ಣಕ್ಕೆ ನಾವೇನು ದನಗಳಾ?" ಅಂದರು. ದನಗಳು ಮಲಗಿಕೊಂಡೂ ಮೆಲುಕು ಹಾಕುತ್ತವೆ, ನೀವು ಹೇಗೆ ಬೇಕಾದರೂ ಉಣ್ಣಿ ಅಂದೆ. ಈ ಮನೆಗೆ ಬಂದ ಮೇಲೆ ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ನಾಗೇಶ ನನ್ನ ಮುಖವನ್ನೇ ನೋಡುತ್ತಿದ್ದ. ನನಗೆ ನನ್ನದೇ ಕಾರಣ ಇದೆ, ಅದು ಯಾರಿಗೂ ಬೇಡ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಷ್ಟೇ.

ಇಷ್ಟು ಮಾತ್ರ ನಿನಗೆ ಹೇಳುತ್ತೇನೆ. ಅವತ್ತು ನಮ್ಮ ಮನೆಯಲ್ಲಿ ಒಂದೇ ಒಂದು ಎಲೆಯೂ ಇರುವುದಿಲ್ಲ. ಹಿತ್ತಲಿನ ಬಾಳೆಯಲ್ಲೂ ಯಾರೂ ಕೊಯ್ಯಕೂಡದು ಎಂದು ಹೇಳಿದ್ದೇನೆ. ದೇವರಿಗೂ ಬೆಳ್ಳಿ ತಟ್ಟೆಯಲ್ಲೇ ಎಡೆ.

ಇನ್ನೊಂದು ಮಾತು. ಮಗುವಿಗೆ ಶಾಲೆಯ ಹೆಸರು ಲಿಖಿತ. ತೊಟ್ಟಿಲ ಹೆಸರು ಕದಿರಮ್ಮ. ಹೌದು, ನಮ್ಮಮ್ಮನ ಹೆಸರು. ಸುಕನ್ಯ ತಾನಾಗಿ ಕೇಳಿ ಇಟ್ಟುಕೊಂಡಳು. ಅಮ್ಮನ ಹೆಸರು ಕರೆಯುವಾಗ ಅಮ್ಮನ ಮಗ ಅಲ್ಲಿ ಇಲ್ಲದಿದ್ದರೆ ಹೇಗೆ? ಉಡಿದಾರ ಕಳಿಸಬೇಡ, ತಾ.

ನಿಲ್ಲಿಸಿ ನಿಲ್ಲಿಸಿ ಬರೆಯುತ್ತೇನೆ ಅಂದಿದ್ದೀಯ. ನೀನೇನು ಪುರಾಣ ಬರೆಯುತ್ತಿದ್ದೀಯಾ? ಒಂದೇ ಸಲ ಬರೆದು ಬೇಗ ಕಳಿಸು.

ವೆಂಕಟರತ್ನ

*

ಮಾರಿಕುಪ್ಪಂ
28 ಜನವರಿ 2025

ವೆಂಕಟರತ್ನಳಿಗೆ.

ಕಾಗದ ಓದಿದೆ. ಅಮ್ಮನ ಹೆಸರು ಇಡುತ್ತಿರುವುದು ಒಳ್ಳೆಯದು. ಸುಕನ್ಯಳಿಗೆ ನನ್ನ ಆಶೀರ್ವಾದ ತಿಳಿಸು. ಅವಳ ಕಿವಿ ಚುಚ್ಚಿಸಿದ್ದು ನನ್ನ ತೊಡೆಯ ಮೇಲೆ, ನೆನಪಿದೆ.

ಬಫೆಯ ವಿಷಯ ನಿಮ್ಮ ಇಷ್ಟ. ನೀನು ಕೇಳಿದೆ, ನಾನು ಹೇಳಿದೆ, ನೀನು ಬೇರೆ ಮಾಡಿದೆ. ಬಂಗಾರಪೇಟೆಯ ಬೀಗರು ಪೇಟೆಯ ಜನ, ಅವರಿಗೆ ಸರಿಹೋಗಬೇಕು. ಮೊದಲ ಪಂಕ್ತಿ ಅವರಿಗೆ ಎಂದು ಎಬ್ಬಿಸಿದ ಮನೆಯಲ್ಲಿ ಈಗ ಪಂಕ್ತಿಯನ್ನೇ ಎಬ್ಬಿಸಿದ್ದೀರಿ. ನಿಂತು ಉಣ್ಣುವ ಶಕ್ತಿ ಇರುವವರಿಗೆ ಮಾಡಿದ ಊಟ ಅದು. ಸರಿ.

ಕುರ್ಚಿಯಾದರೂ ಹಾಕಿಸುತ್ತಾರಾ ಎಂದು ಅಶ್ವತ್ಥಮ್ಮ ಕೇಳಿದಳು. ನಾನು ಕೇಳಿದ್ದಲ್ಲ. ಎಲೆ ಕೊಯ್ಯುವುದಿಲ್ಲ ಎಂದು ನನಗೆ ಬಿಡಿಸಿ ಬಿಡಿಸಿ ಯಾಕೆ ಬರೆದೆಯೋ ಗೊತ್ತಾಗಲಿಲ್ಲ. ಮುನಿಸ್ವಾಮಪ್ಪನಿಗೆ ಇಲ್ಲಿ ಎಲೆ ಇಲ್ಲ ಎಂದು ಒಂದು ಸಲ ಹೇಳಿಸಿಕೊಂಡಿದ್ದೇನೆ, ಸಾಕು.

ಉಡಿದಾರವನ್ನು ಯಾರಾದರೂ ಬರುವವರ ಕೈಯಲ್ಲಿ ಕಳಿಸುತ್ತೇನೆ.

ಮುನಿಸ್ವಾಮಪ್ಪ

*

ಬೇತಮಂಗಲ
1 ಫೆಬ್ರವರಿ 2025

ಅಣ್ಣನಿಗೆ.

ಕೋಪದಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ಬಂಗಾರಪೇಟೆಯವರಿಗೋಸ್ಕರ ಬಫೆಯಂತೆ. ಅವರಿಗೆ ಯಾವುದಾದರೂ ಒಂದೇ. ಬಫೆ ನಿನಗೋಸ್ಕರ. ನೀನು ಆಣೆ ಇಟ್ಟಿದ್ದು ಈ ಮನೆಯಲ್ಲಿ ಎಲೆಯ ಮುಂದೆ ಕೂರುವುದಿಲ್ಲ ಎಂದು. ಮನೆಗೆ ಬರುವುದಿಲ್ಲ ಎಂದಲ್ಲ, ಉಣ್ಣುವುದಿಲ್ಲ ಎಂದೂ ಅಲ್ಲ. ಅಮ್ಮನ ಮೇಲಿನ ಆಣೆ ಮುರಿ ಎಂದು ನಾನು ಯಾವ ಬಾಯಲ್ಲಿ ಹೇಳಲಿ? ಅದಕ್ಕೇ ಎಲೆಯನ್ನೇ ತೆಗೆದುಬಿಟ್ಟೆ. ಎಲೆ ಇಲ್ಲದ ಮನೆಯಲ್ಲಿ ನಿನ್ನ ಆಣೆ ಏನು ಮಾಡುತ್ತದೆ? ಇದನ್ನು ಮೊದಲೇ ಹೇಳಿದ್ದರೆ ನೀನು ತಟ್ಟೆಯ ಮೇಲೂ ಒಂದು ಆಣೆ ಇಟ್ಟುಬಿಡುತ್ತಿದ್ದೆ ಎಂದು ಬಾಯಿ ಮುಚ್ಚಿಕೊಂಡಿದ್ದೆ.

ನಿನಗೋಸ್ಕರ ಭಾವನ ಹತ್ತಿರ ಜಗಳ ಆಡಿದೆ. ಅವರು ಈಗಲೂ ಏನು ಹೇಳುತ್ತಾರೆ ಗೊತ್ತಾ? "ನಮ್ಮೋನು ಅಂತ್ಲೇ ಅಲ್ವೇನಮ್ಮ ಎಬ್ಬಿಸಿದ್ದು. ಬೀಗ್ರನ್ನ ಎಬ್ಬಿಸಕ್ಕಾಯ್ತದಾ? ಮನೆಯೋರು ಕೊನೇಗುಣ್ಣೋದು ತಾನೇ." ಅವರ ಮಾತೂ ಸುಳ್ಳಲ್ಲ ಅಣ್ಣ. ನಾವು ಉಣಿಸುವ ಕಡೆಯವರು, ಉಣ್ಣುವ ಸರದಿ ನಮಗೆ ಕಡೆಗೆ. ನೀನು ಸೋದರಮಾವನ ಗೌರವ ನೋಡಿದೆ, ಅವರು ನಮ್ಮವನೆಂಬ ಸಲಿಗೆ ನೋಡಿದರು. ಉಪ್ಪು ಬಿದ್ದ ಮೇಲೆ ಎಬ್ಬಿಸಿದ್ದು ತಪ್ಪೇ, ಅದನ್ನು ನಾನೂ ಅವರ ಮುಖಕ್ಕೇ ಹೇಳಿದ್ದೇನೆ.

ಅವತ್ತು ನೀನು ಎದ್ದು ಹೋದಾಗ ನಾನು ಹಿತ್ತಲಲ್ಲಿ ಮುದ್ದೆ ತಿರುವುತ್ತಿದ್ದೆ. ಯಾರೋ ಬಂದು ಹೇಳಿದಾಗ ಹಿಟ್ಟಿನ ಕೈಯಲ್ಲೇ ಬಸ್ ಸ್ಟ್ಯಾಂಡಿನ ತನಕ ಓಡಿದೆ. ಕೆಜಿಎಫ್ ಬಸ್ಸು ಹೋಗಿತ್ತು. ಆಚೆ ಕಡೆಗೆ ಮಡಿಚಿದ ಆ ಎಲೆಯನ್ನು ಎತ್ತಿ ಎಸೆದವಳೂ ನಾನೇ. ಬೇರೆಯವರ ಕೈಯಲ್ಲಿ ಎತ್ತಿಸಲು ಮನಸ್ಸಾಗಲಿಲ್ಲ.

ಅಕ್ಕಿಯ ಮೇಲೂ ಆಸೆ, ನೆಂಟರ ಮೇಲೂ ಪ್ರೀತಿ ಅಂತಾರಲ್ಲ, ಹಾಗೆ ನಿನಗೆ ನಾನೂ ಬೇಕು, ಹಟವೂ ಬೇಕು. ಎರಡೂ ಬೇಕಾದರೆ ಇಟ್ಟುಕೋ. ಬರದಿದ್ದರೆ ಬಿಡು. ಶಾಸ್ತ್ರಕ್ಕೆಂದು ನಾಗೇಶ ಅರಿಶಿನ ಕುಂಕುಮ ತಗೊಂಡು ಕರೆಯಲು ಬರುತ್ತಾನೆ. ಅವನಿಗಾದರೂ ಬಾಗಿಲು ತೆಗಿ.

ವೆಂಕಟರತ್ನ

*

ಬೇತಮಂಗಲ
10 ಫೆಬ್ರವರಿ 2025

ಅಣ್ಣ,

ನನ್ನ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಬರೆಯದಿದ್ದರೂ ಪರವಾಗಿಲ್ಲ. ನಿನ್ನೆ ನಾಗೇಶ ನಿಮ್ಮ ಮನೆಯಿಂದ ಬಂದ. ಚಪ್ಪಲಿ ಬಿಡುವುದಕ್ಕೂ ಮುಂಚೆ ಬಾಗಿಲಲ್ಲೇ ನಿಂತು ಹೇಳಿದ.

"ಅಮ್ಮ, ಮಾವ ಮಂಚದಿಂದ ಬಾಗ್ಲಿಗೆ ಬರಕ್ಕೆ ಎಲ್ಡು ಸತಿ ನಿಂತ್ರು. ಗೋಡೆ ಇಡ್ಕಂಡು ಉಸುರೆಳಕಂತಾ ಔರೆ. ಫೋನ್ ಯಾಕೆ ಎತ್ತಲ್ಲ ಮಾವ ಅಂದ್ರೆ, ಎತ್ತುದ್ರೆ ನಿಮ್ಮಮ್ಮಂಗೆ ಕೆಮ್ಮು ಕೇಳಿಸ್ತದೆ ಕಣ್ಲಾ, ಏಳ್ಬೇಡ ಅವಳ್ಗೆ ಅಂದ್ರು."

ಹೇಳಬೇಡ ಎಂದಿದ್ದನ್ನೂ ಸೇರಿಸಿಯೇ ಹೇಳಿದ. ಅವನನ್ನು ಬೈಯಬೇಡ, ಅವನು ನನ್ನ ಮಗ.

ನಾನು ಕೊಟ್ಟಿಗೆಗೆ ಹೋಗಿ ಅತ್ತೆ. ನಿನಗೆ ಕೋಪ ಎಂದುಕೊಂಡು ನಾನು ಎಷ್ಟು ದಿನ ಬೈದುಕೊಂಡೆ. ಅತ್ತಿಗೆ ಫೋನಿನಲ್ಲಿ ಸುಮ್ಮನಾಗುತ್ತಿದ್ದ ಆ ಒಂದು ಗಳಿಗೆ ನೀನು ಪಕ್ಕದಲ್ಲೇ ಇದ್ದು ಕೈ ಅಲ್ಲಾಡಿಸುತ್ತಿದ್ದೆ, ಬೇಡ ಅಂತ. ನಿಲ್ಲಿಸಿ ನಿಲ್ಲಿಸಿ ಬರೆಯುತ್ತೇನೆ ಎಂದು ನೀನು ಬರೆದರೆ ನಾನು ಪುರಾಣವಾ ಎಂದು ಹಾಸ್ಯ ಮಾಡಿದೆ. ಗಣಿಯೊಳಗೆ ಇಳಿದು ದುಡಿದ ಕಾಲದ ಧೂಳು ಇನ್ನೂ ಎದೆಯಲ್ಲೇ ಕೂತಿರುತ್ತದೆ ಎಂದು ಬೇರೆಯವರ ಅಣ್ಣಂದಿರ ವಿಷಯದಲ್ಲಿ ಕೇಳಿದ್ದೆ. ನನ್ನ ಅಣ್ಣನಿಗೆ ಅದು ಬರುವುದಿಲ್ಲ ಎಂದು ಯಾಕೆ ಅಂದುಕೊಂಡಿದ್ದೆನೋ. ನಿಂತು ಉಣ್ಣಲಾರದವನಿಗೆ ಹುಡುಕಿ ಹುಡುಕಿ ನಿಂತು ಉಣ್ಣುವ ಊಟ ಇಟ್ಟೆ. ಕುರ್ಚಿಯ ಮಾತನ್ನು ಅತ್ತಿಗೆ ಕೇಳಿದಳು ಎಂದು ನೀನು ಬರೆದಾಗಲಾದರೂ ನನಗೆ ತಿಳಿಯಬೇಕಿತ್ತು.

ಈಗ ಕೇಳು. ಎಲೆಯ ಮುಂದೆ ನೀನು ಕೂರುವಂತಿಲ್ಲ. ತಟ್ಟೆ ಹಿಡಿದು ನಿಲ್ಲುವಂತಿಲ್ಲ. ಕುರ್ಚಿಯಲ್ಲಿ ಕೂರಿಸಿ ತಟ್ಟೆಯಲ್ಲಿ ಹಾಕಿ ಯಾರ ಕೈಯಲ್ಲಾದರೂ ಕಳಿಸಬಹುದು, ಆದರೆ ನನಗೆ ನಿನ್ನನ್ನು ಕಾಯಿಲೆಯವನ ಹಾಗೆ ಮೂಲೆಯಲ್ಲಿ ಕೂರಿಸಲು ಇಷ್ಟವಿಲ್ಲ. ನೀನೂ ಕೂರುವವನಲ್ಲ. ರಾತ್ರಿ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಇದನ್ನೇ ಯೋಚಿಸುತ್ತಿದ್ದೆ. ಕದಿರಮ್ಮ ಎಂದು ಕರೆದು ನೋಡಿದೆ. ಆಗ ಅಮ್ಮ ನೆನಪಾದಳು.

ಅಮ್ಮ ನಮಗೆ ಎಲೆ ಹಾಕುತ್ತಿದ್ದಳಾ? ತಟ್ಟೆ ಇತ್ತಾ ಮನೆಯಲ್ಲಿ? ಒಂದು ಬೋಗುಣಿ. ಅದರಲ್ಲಿ ಅನ್ನ, ಅವರೆಕಾಳು ಸಾರು, ಬೆಣ್ಣೆ ಕಾಯಿಸಿದ ದಿನ ಒಂದು ಚೂರು ತುಪ್ಪ. ಕಲಸಿ ಉಂಡೆ ಕಟ್ಟಿ ಕೈಗೆ ಇಡುತ್ತಿದ್ದಳು. ನಾವು ಸುತ್ತ ಕೂತು ಕೈ ಚಾಚುತ್ತಿದ್ದೆವು. ನೀನು ಮುನಿಸಿಕೊಂಡು ಗೋಡೆ ಕಡೆ ತಿರುಗಿ ಕೂತಿರುತ್ತಿದ್ದೆ. ನನಗೆ ಬೇಡ, ನಾನು ಉಣ್ಣುವುದಿಲ್ಲ ಅನ್ನುತ್ತಿದ್ದೆ. ಆದರೆ ಒಂದು ಕೈ ಬೆನ್ನ ಹಿಂದಿನಿಂದ ಅಮ್ಮನ ಕಡೆಗೆ ಚಾಚಿಕೊಂಡೇ ಇರುತ್ತಿತ್ತು. ಅಮ್ಮ ಏನೂ ಅನ್ನದೆ ಆ ಕೈಗೆ ತುತ್ತು ಇಡುತ್ತಿದ್ದಳು. ನೀನು ತಿರುಗಿ ನೋಡದೆ ತಿನ್ನುತ್ತಿದ್ದೆ, ತಿಂದು ಮತ್ತೆ ಕೈ ಹಿಂದಕ್ಕೆ ಚಾಚುತ್ತಿದ್ದೆ. ಎಷ್ಟು ಸಲ ನಾನು ನಿನ್ನ ಕೈಯಿಂದ ಕಿತ್ತುಕೊಂಡು ತಿಂದಿಲ್ಲ.

ಭಾನುವಾರ ನಿನಗೆ ಕೈತುತ್ತು ಅಣ್ಣ. ಎಲೆಯೂ ಇಲ್ಲ, ತಟ್ಟೆಯೂ ಇಲ್ಲ. ಆಣೆ ಅದರ ಪಾಡಿಗೆ ಅದು ಇರಲಿ. ಬೇವಿನ ಮರದ ಕೆಳಗೆ ಒಂದು ಕುರ್ಚಿ ಹಾಕಿಸುತ್ತೇನೆ, ಅದರ ಪಕ್ಕ ನನಗೊಂದು ಮಣೆ. ನಿನಗೆ ಇನ್ನೂ ಮುನಿಸು ಇದ್ದರೆ ಗೋಡೆ ಕಡೆ ತಿರುಗಿಯೇ ಕೂತುಕೋ, ನಾನು ಬೇಡ ಅನ್ನುವುದಿಲ್ಲ. ಕೈ ಮಾತ್ರ ಈ ಕಡೆ ಚಾಚು.

ನಾಗೇಶ ಬೆಳಗ್ಗೆ ಕಾರು ತರುತ್ತಾನೆ, ಹಾಲಿನ ಡೈರಿಯ ಗೆಳೆಯನದು. ಅತ್ತಿಗೆಯನ್ನು ಮುಂದೆ ಕೂರಿಸು, ಅವಳಿಗೆ ತಲೆ ಸುತ್ತುತ್ತದೆ.

ವೆಂಕಟರತ್ನ

*

ಮಾರಿಕುಪ್ಪಂ
13 ಫೆಬ್ರವರಿ 2025

ವೆಂಕಟರತ್ನಳಿಗೆ.

ಬರುತ್ತೇನೆ ಎಂದು ನಾನು ಬರೆಯುತ್ತಿಲ್ಲ. ಭಾನುವಾರ ಉಸಿರು ಹೇಗಿರುತ್ತದೋ ನೋಡಬೇಕು. ಈ ಕಾಗದವನ್ನು ನಿಮ್ಮ ಕಡೆಗೆ ಬರುತ್ತಿರುವ ಒಬ್ಬರ ಕೈಯಲ್ಲಿ ಕೊಟ್ಟು ಕಳಿಸುತ್ತಿದ್ದೇನೆ, ಬೇಗ ಸೇರಲಿ ಎಂದು.

ಅವರೆಕಾಳು ಸಾರಿಗೆ ಖಾರ ಕಡಿಮೆ ಇರಲಿ. ಖಾರಕ್ಕೆ ಕೆಮ್ಮು ಜಾಸ್ತಿ.

ಉಡಿದಾರ ಕಳಿಸಿಲ್ಲ.

ಮುನಿಸ್ವಾಮಪ್ಪ

*

ಮಾರಿಕುಪ್ಪಂ
20 ಫೆಬ್ರವರಿ 2025

ನನ್ನ ತಂಗಿ ವೆಂಕಟರತ್ನಳಿಗೆ ಆಶೀರ್ವಾದ.

ಮನೆ ಸೇರಿ ಮೂರು ದಿನ ಮಲಗಿದ್ದೆ. ಗಾಬರಿ ಬೇಡ, ಅದು ಸುಸ್ತು, ಈಗ ವಾಸಿ. ಅಶ್ವತ್ಥಮ್ಮ ನಿನ್ನ ಮನೆಯ ಕೇಸರಿಬಾತನ್ನು ಡಬ್ಬಿಯಲ್ಲಿ ಕಟ್ಟಿಕೊಂಡು ಬಂದಿದ್ದಳು, ಅದನ್ನು ಈ ಬೀದಿಗೆಲ್ಲ ಹಂಚಿ ಮೊಮ್ಮಗಳು ಎಂದು ಹೇಳಿಕೊಂಡು ಬಂದಳು.

ನೀನು ಅವತ್ತು ಮಣೆಯ ಮೇಲೆ ಬಗ್ಗಿ ಕೂತು ಬೋಗುಣಿಯಲ್ಲಿ ಅನ್ನ ಕಲಸುತ್ತಿದ್ದೆ. ತಲೆ ಎತ್ತಲಿಲ್ಲ. ಎತ್ತಿದರೆ ಅಳು ಬರುತ್ತದೆ ಎಂದು ಎತ್ತಲಿಲ್ಲ ಅನ್ನುವುದು ನನಗೆ ಗೊತ್ತು. ಆದ್ದರಿಂದ ನಿನ್ನ ಬೆನ್ನ ಹಿಂದೆ ನಡೆದದ್ದು ನಿನಗೆ ಕಾಣಲಿಲ್ಲ. ನಾನು ನೋಡಿದ್ದೇನೆ, ಬರೆಯುತ್ತೇನೆ. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಬರೆಯುವುದು ನನಗೆ ಸುಲಭ.

ನಿಮ್ಮ ಭಾವ ವೆಂಕಟಸ್ವಾಮಪ್ಪ ಬಫೆಯ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದರು. ಮುಖ ಗಂಟು ಹಾಕಿಕೊಂಡು. ನೀರೂ ಮುಟ್ಟುವುದಿಲ್ಲ ಅಂದವರು ಪಲಾವಿನ ವಾಸನೆಗೆ ಸೋತಿದ್ದರು. ನಾನು ಕುರ್ಚಿಯಲ್ಲಿ ಕೂತು ಕೈ ಚಾಚಿದ್ದು ಅವರಿಗೆ ಅಲ್ಲಿಂದಲೇ ಕಾಣಿಸಿತು. ನೋಡುತ್ತಲೇ ನಿಂತರು. ಹಿಂದಿನವರು ಮುಂದೆ ಹೋಗಿ ಎಂದು ತಳ್ಳಿದರೂ ಹೋಗಲಿಲ್ಲ. ಆಮೇಲೆ ತಟ್ಟೆಯನ್ನು ತಟ್ಟೆಗಳ ರಾಶಿಯ ಮೇಲೆ ಇಟ್ಟು ಒಂದು ಕುರ್ಚಿ ಎಳೆದುಕೊಂಡು ಬಂದು ನನ್ನ ಪಕ್ಕದಲ್ಲಿ ಕೂತು ಕೈ ಚಾಚಿದರು. ಎಳೆಯುವಾಗ ನಡುವೆ ಒಂದು ಸಲ ನಿಂತು ಸೊಂಟ ಹಿಡಿದುಕೊಂಡರು. ನನ್ನಷ್ಟೇ ಮುದುಕರಾಗಿದ್ದಾರೆ, ನನಗಿಂತ ಹೆಚ್ಚೇ. ಆರು ವರ್ಷ ನಾನು ನೆನೆದುಕೊಂಡಿದ್ದ ವೆಂಕಟಸ್ವಾಮಪ್ಪ ಇವರಲ್ಲ.

ನೀನು ಮೊದಲ ತುತ್ತು ಕಟ್ಟಿ ಎತ್ತಿದಾಗ ನಮ್ಮಿಬ್ಬರ ಕೈಯೂ ಮುಂದೆ ಇತ್ತು. ನೀನು ಒಂದು ಗಳಿಗೆ ತಡೆದೆ. ಹಿರಿಯರು ಅವರು, ಮನೆಯ ಯಜಮಾನರು, ಅವರಿಗೆ ಮೊದಲು ಇಡಬೇಕಾದ್ದು ನ್ಯಾಯ. ನೀನು ಹಾಗೆ ಇಟ್ಟಿದ್ದರೆ ನಾನು ಏನೂ ಅನ್ನುತ್ತಿರಲಿಲ್ಲ, ಆದರೆ ಎದ್ದುಬಿಡುತ್ತಿದ್ದೆ. ಅದನ್ನೂ ಹೇಳಿಬಿಡುತ್ತೇನೆ. ಆಗ ಅವರು ಹೇಳಿದ್ದು ನಿನಗೆ ಕೇಳಿಸಿದೆ, ಆದರೂ ಬರೆಯಬೇಕು ಅನಿಸುತ್ತಿದೆ.

"ಮೊದ್ಲು ಅವ್ರಿಗಾಕಮ್ಮ. ನಾನು ಎಲ್ಡನೇ ಪಂಕ್ತಿ."

ಅಷ್ಟೇ. ತಪ್ಪಾಯಿತು ಅನ್ನಲಿಲ್ಲ. ನನ್ನ ಮುಖವನ್ನೂ ನೋಡಲಿಲ್ಲ, ಬೇವಿನ ಮರ ನೋಡುತ್ತಾ ಹೇಳಿದರು. ನನಗೆ ಅಷ್ಟು ಸಾಕಾಯಿತು. ಸಾಕಾಗಿ ಮಿಕ್ಕಿತು. ಗೋಡೆ ಕಡೆ ತಿರುಗಿ ಕೂರೋಣ ಎಂದೇ ನಾನು ಬಂದಿದ್ದೆ ಕಣೇ, ಕಾರಿನಲ್ಲಿ ಅದನ್ನೇ ಯೋಚಿಸಿಕೊಂಡು ಬಂದೆ. ಆ ಮಾತು ಕೇಳಿದ ಮೇಲೆ ಗೋಡೆ ಯಾವ ಕಡೆ ಇದೆ ಎಂದು ಹುಡುಕಲು ಮನಸ್ಸು ಬರಲಿಲ್ಲ.

ಆಮೇಲೆ ಮಕ್ಕಳು ಬಂದು ಸುತ್ತ ಕೂತವು. ಬಂಗಾರಪೇಟೆಯ ಬೀಗಿತ್ತಿ ರೇಷ್ಮೆ ಸೀರೆಯಲ್ಲೇ ನೆಲಕ್ಕೆ ಕೂತು ಕೈ ಒಡ್ಡಿದರು. ಸುಕನ್ಯ ಪಾನಿಪುರಿ ಬಿಟ್ಟು ಬಂದಳು. ಚಿರಂಜೀವಿ ಸೌಟು ಹಿಡಿದು ಅಲ್ಲೇ ನಿಂತು ಮೂರು ಭಾಷೆಯಲ್ಲಿ ಗೊಣಗುತ್ತಿದ್ದ, ಇಷ್ಟೆಲ್ಲ ಪಾತ್ರೆ ನಾನು ಯಾಕೆ ತಂದೆ ಎಂದು. ನೀನು ಅವನಿಗೂ ಒಂದು ತುತ್ತು ಇಟ್ಟು ಬಾಯಿ ಮುಚ್ಚಿಸಿದೆ.

ಕೊನೆಯ ತುತ್ತನ್ನು ಬೋಗುಣಿ ಬಳಿದು ಕಟ್ಟಿ ನನ್ನ ಕೈಗೆ ಇಟ್ಟೆ. ಅದನ್ನು ತಿನ್ನುವಾಗ ನಿನ್ನ ಬೆರಳು ನೋಡಿದೆ. ಅಮ್ಮನ ಬೆರಳೇ. ಉಪ್ಪು ಸ್ವಲ್ಪ ಮುಂದಾಗಿತ್ತು, ಅದೂ ಅಮ್ಮನ ಹಾಗೇ. ಆಣೆ ಇಟ್ಟದ್ದು ಅಮ್ಮನ ಮೇಲೆ, ಉಂಡದ್ದೂ ಅಮ್ಮನ ಕೈಯಲ್ಲೇ ಎಂದು ನನಗೆ ಅನ್ನಿಸಿತು. ಇನ್ನು ಅವಳನ್ನು ಕೇಳಬೇಕಾದ್ದು ಏನೂ ಉಳಿದಿಲ್ಲ. ಮಗುವಿನ ತಲೆಕೂದಲಿಗೆ ಮುಂದಿನ ವರ್ಷ ಕತ್ತರಿ ಹಾಕುವಾಗ ಎಲೆ ಹಾಸು. ಉಸಿರಿದ್ದರೆ ಬಂದು ಕೂರುತ್ತೇನೆ, ಯಾವ ಪಂಕ್ತಿಯಾದರೂ ಸರಿ.

ಮಗುವಿಗೆ ಉಡಿದಾರ ಸಡಿಲವಾಗಿತ್ತು, ಕೊಂಡಿಯನ್ನು ಒಂದು ಬಳೆ ಹಿಂದಕ್ಕೆ ಸಿಕ್ಕಿಸು. ಯುಗಾದಿ ಹಬ್ಬದ ಹೊತ್ತಿಗೆ ಮಗು ಬೆಳೆದು ಸರಿಹೋಗುತ್ತದೆ.

ಇನ್ನು ಕಾಗದ ಬರೆಯುವುದು ಬೇಡ. ಇದು ಸೇರಿದ ಕೂಡಲೇ ಫೋನ್ ಮಾಡು, ನಾನೇ ಎತ್ತುತ್ತೇನೆ. ಮೊದಲು ಕೆಮ್ಮು ಬರುತ್ತದೆ, ಗಾಬರಿಯಾಗಿ ಇಟ್ಟುಬಿಡಬೇಡ. ಅದರ ಹಿಂದೆಯೇ ನಾನು ಬರುತ್ತೇನೆ.

ನಿನ್ನ ಅಣ್ಣ
ಮುನಿಸ್ವಾಮಪ್ಪ